ಒಂದು ‘ಕ’ ಒತ್ತಿ, ಕೊನೆಯವರೆಗೆ ಹಿಂಬಾಲಿಸಿ

ಓದಲೆಂದೋ ಕೆಲಸಕ್ಕೆಂದೋ ಚೆನ್ನೈಯ ಅಡ್ಯಾರಿಗೆ ಬಂದಿರುವ ಕನ್ನಡದ ಮಕ್ಕಳೇ,

ಹಾಸನ, ರಾಯಚೂರು, ಕಾಸರಗೋಡು ಎಂದು ಎಲ್ಲೆಲ್ಲಿಂದಲೋ ಬಂದು ಇಂದಿರಾನಗರ, ಕಸ್ತೂರಬಾ ನಗರದ ಪಿಜಿಗಳಲ್ಲಿ ಇದ್ದುಕೊಂಡು, ಬೆಳಗಾದರೆ ತರಮಣಿಯ ಕಚೇರಿಗೋ ಐಐಟಿಯ ತರಗತಿಗೋ ಓಡುತ್ತೀರಿ. ನಿಮ್ಮಲ್ಲಿ ಬಹಳ ಮಂದಿ ಪೈಥಾನ್ ಬಲ್ಲಿರಿ, ಆ್ಯಪ್ ಕಟ್ಟಬಲ್ಲಿರಿ. ಗುಂಡಿ ಒತ್ತಿದ ಮೇಲೆ ಯಂತ್ರದೊಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತೀರಿ. ವಯಸ್ಸಿನಲ್ಲಿ ಹಿರಿಯನಾಗಿ ಹೇಳುವುದು ಇಷ್ಟೇ: ಪರದೆಯ ಮುಂದೆಯೇ ನಿಲ್ಲಬೇಡಿ, ಕೆಳಗಿಳಿದು ತಳ ಮುಟ್ಟಿ ಬನ್ನಿ. ದಾರಿ ನಾನು ತೋರಿಸುತ್ತೇನೆ.

ಯಂತ್ರಕ್ಕೆ ವಿದ್ಯುತ್ ಬಂದ ಕ್ಷಣದಲ್ಲಿ ಪ್ರೊಸೆಸರಿಗೆ ಏನೂ ತಿಳಿದಿರುವುದಿಲ್ಲ. ಅದು ಮೊದಲೇ ಗೊತ್ತುಮಾಡಿದ ಒಂದು ವಿಳಾಸಕ್ಕೆ ಹೋಗಿ ಅಲ್ಲಿರುವ ಸೂಚನೆಯನ್ನು ಓದುತ್ತದೆ. ಮದರ್‌ಬೋರ್ಡಿನ ಚಿಕ್ಕ ಚಿಪ್ಪೊಂದರಲ್ಲಿ ಅಚ್ಚಾಗಿರುವ ಆ ಸೂಚನೆಗಳಿಗೆ ಫರ್ಮ್‌ವೇರ್ ಎನ್ನುತ್ತಾರೆ. ರ‍್ಯಾಮ್ ಇದೆಯೇ, ಡಿಸ್ಕ್ ಇದೆಯೇ ಎಂದು ಅದು ನೋಡಿಕೊಂಡು ಬೂಟ್‌ಲೋಡರನ್ನು ಕರೆಯುತ್ತದೆ. ಬೂಟ್‌ಲೋಡರ್ ಕರ್ನಲನ್ನು ಡಿಸ್ಕಿನಿಂದ ರ‍್ಯಾಮಿಗೆ ತಂದು ಅಧಿಕಾರ ವಹಿಸಿಕೊಡುತ್ತದೆ. ಆಪರೇಟಿಂಗ್ ಸಿಸ್ಟಮಿನ ತಿರುಳು ಈ ಕರ್ನಲ್.

ರ‍್ಯಾಮಿಗೂ ಡಿಸ್ಕಿಗೂ ಇರುವ ಅಂತರವನ್ನು ಮನದಟ್ಟು ಮಾಡಿಕೊಳ್ಳಿ. 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಮಿಡಿತಕ್ಕೆ ಒಂದು ನ್ಯಾನೊಸೆಕೆಂಡಿನ ಮೂರನೇ ಒಂದು ಪಾಲು ಸಾಕು. ರ‍್ಯಾಮಿನಿಂದ ಉತ್ತರ ಬರಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ಎಸ್‌ಎಸ್‌ಡಿಗೆ ಅದರ ಸಾವಿರ ಪಟ್ಟು ಹೊತ್ತು, ತಿರುಗುವ ಹಾರ್ಡ್ ಡಿಸ್ಕಿಗೆ ಲಕ್ಷ ಪಟ್ಟು. ರ‍್ಯಾಮ್ ತುಂಬಿದಾಗ ಕರ್ನಲ್ ಅದರ ಒಂದು ಭಾಗವನ್ನು ಡಿಸ್ಕಿಗೆ ಸಾಗಿಸುತ್ತದೆ, ಯಂತ್ರ ತೆವಳತೊಡಗುತ್ತದೆ. ‘ಲ್ಯಾಪ್‌ಟಾಪ್ ಸ್ಲೋ ಆಯಿತು’ ಎಂದು ಅಪ್ಪನಿಗೆ ಫೋನು ಮಾಡಿ ಹೊಸದಕ್ಕೆ ದುಡ್ಡು ಕೇಳುವ ಮುನ್ನ ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ಎಷ್ಟು ತುಂಬಿದೆ ನೋಡಿ. ಎಷ್ಟೋ ಸಲ ಒಂದು ರ‍್ಯಾಮ್ ಕಾರ್ಡಿನಲ್ಲಿ ತೀರುವ ಸಮಸ್ಯೆ ಅದು.

ಈಗ ‘ಕ’ ಒತ್ತಿ. ಕೀಬೋರ್ಡಿಗೆ ಕನ್ನಡ ಬಾರದು. ಇಂಥ ಜಾಗದ ಕೀಲಿ ಒತ್ತಿದರು ಎಂಬ ಸಂಕೇತವನ್ನಷ್ಟೇ ಅದು ಕಳಿಸುತ್ತದೆ. ಆ ಸುದ್ದಿ ಇಂಟರಪ್ಟ್ ಆಗಿ ಪ್ರೊಸೆಸರಿಗೆ ಮುಟ್ಟುತ್ತದೆ. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಕೀಬೋರ್ಡನ್ನು ನೋಡಿಕೊಳ್ಳುವ ಕರ್ನಲಿನ ಭಾಗವಾದ ಡ್ರೈವರಿನತ್ತ ತಿರುಗುತ್ತದೆ. ಡ್ರೈವರ್ ಓದಿದ ಸಂಕೇತವನ್ನು ಕನ್ನಡದ ಕೀಲಿವಿನ್ಯಾಸ 3221 ಎಂಬ ಸಂಖ್ಯೆಯಾಗಿಸುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಎಂದರೆ ಅದೇ ಸಂಖ್ಯೆ. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಯಂತ್ರದೊಳಗೆ 3221, 3277, 3255 ಎಂಬ ಮೂರು ಸಂಖ್ಯೆಗಳ ಸಾಲು. ಆ ಸಾಲನ್ನು ಕೂಡಿಸಿ ಒತ್ತಕ್ಷರದ ಆಕಾರ ಕೊಡುವುದು ಫಾಂಟ್ ಮತ್ತು ಅದನ್ನು ಜೋಡಿಸುವ ತಂತ್ರಾಂಶ. ಫೋನಿನಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡಾಗ ತಪ್ಪು ಯಾವ ಮಟ್ಟದಲ್ಲಿ ಆಗಿದೆ ಎಂದು ಹೇಳಬಲ್ಲವನು ಈ ದಾರಿ ನಡೆದು ನೋಡಿದವನು ಮಾತ್ರ.

ಅದೇ ಹೊತ್ತಿನಲ್ಲಿ ಹಾಡು ಕೇಳುತ್ತಿರುತ್ತದೆ, ಫೈಲು ಇಳಿಯುತ್ತಿರುತ್ತದೆ. ಪ್ರೊಸೆಸರಿನಲ್ಲಿ ಕೋರ್‌ಗಳಿರುವುದು ನಾಲ್ಕೋ ಎಂಟೋ, ಕೆಲಸಗಳು ನೂರಾರು. ಚೆನ್ನೈಯ ವಿಶ್ವನಾಥನ್ ಆನಂದ್ ಹತ್ತಾರು ಆಟಗಾರರ ಎದುರು ಏಕಕಾಲಕ್ಕೆ ಚದುರಂಗ ಆಡುವುದನ್ನು ನೆನೆಯಿರಿ: ಒಂದು ಮಣೆಯಲ್ಲಿ ಒಂದು ನಡೆ, ಕೂಡಲೇ ಮುಂದಿನ ಮಣೆ. ಆಟ ಎಲ್ಲಿಗೆ ಬಂದಿತ್ತು ಎಂಬುದನ್ನು ಮಣೆಯೇ ಹಿಡಿದಿಟ್ಟಿರುತ್ತದೆ. ಕರ್ನಲಿನ ಶೆಡ್ಯೂಲರ್ ಮಾಡುವುದೂ ಇದನ್ನೇ. ಒಂದು ಕೆಲಸವನ್ನು ಕೆಲವೇ ಮಿಲಿಸೆಕೆಂಡ್ ನಡೆಸಿ, ಪ್ರೊಸೆಸರಿನ ರಿಜಿಸ್ಟರುಗಳಲ್ಲಿದ್ದುದನ್ನೆಲ್ಲ ರ‍್ಯಾಮಿನಲ್ಲಿ ಬರೆದಿಟ್ಟು, ಮುಂದಿನ ಕೆಲಸವನ್ನು ಎತ್ತಿಕೊಳ್ಳುತ್ತದೆ.

ಕರ್ನಲಿಗೆ ಕಾವಲಿನ ಹೊಣೆಯೂ ಇದೆ. ಸಾಮಾನ್ಯ ಪ್ರೋಗ್ರಾಮ್ ಡಿಸ್ಕನ್ನಾಗಲಿ ಇನ್ನೊಂದು ಪ್ರೋಗ್ರಾಮಿನ ಮೆಮೊರಿಯನ್ನಾಗಲಿ ನೇರವಾಗಿ ಮುಟ್ಟುವಂತಿಲ್ಲ. ಬೇಕಾದುದನ್ನು ಸಿಸ್ಟಮ್ ಕಾಲ್ ಮೂಲಕ ಕರ್ನಲಿನ ಬಳಿ ಕೇಳಬೇಕು. ಈ ಅಂಕೆಯನ್ನು ಪ್ರೊಸೆಸರ್ ತಾನೇ ಜಾರಿಗೊಳಿಸುತ್ತದೆ. ಕಾನೂನು ಮೀರಿದ ಪ್ರೋಗ್ರಾಮನ್ನು ಅಲ್ಲೇ ತಡೆದು ಕರ್ನಲಿಗೆ ಒಪ್ಪಿಸುತ್ತದೆ. ನಿಮ್ಮ ಬ್ಯಾಂಕಿನ ಆ್ಯಪ್ ಸುರಕ್ಷಿತವಾಗಿರುವುದರ ಬುನಾದಿ ಇಲ್ಲಿದೆ. ಹಾರ್ಡ್‌ವೇರ್ ಬೇರೆ, ಸಾಫ್ಟ್‌ವೇರ್ ಬೇರೆ ಎಂದು ಎರಡು ಪುಸ್ತಕ ಮಾಡಿ ಓದಬೇಡಿ ಎಂದು ನಾನು ಒತ್ತಿ ಹೇಳುವುದೂ ಇದಕ್ಕೇ.

ಇದನ್ನು ಕಲಿಯಲು ಅಡ್ಯಾರಿಗಿಂತ ಒಳ್ಳೆಯ ಜಾಗ ನಿಮಗೆ ಸುಲಭಕ್ಕೆ ಸಿಗದು. ಇಲ್ಲಿನ ಐಐಟಿಗೆ 1973ರಲ್ಲಿ ಐಬಿಎಂ 370 ಕಂಪ್ಯೂಟರ್ ಬಂದಾಗ ಪ್ರೋಗ್ರಾಮನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಕೊಟ್ಟು ಫಲಿತಾಂಶಕ್ಕೆ ಕಾಯಬೇಕಿತ್ತು. ಪ್ರೊ. ಎಚ್. ಎನ್. ಮಹಾಬಲ ಅವರು ಇಲ್ಲಿ ಪಾಠ ಹೇಳಿದ ಶಿಷ್ಯರಲ್ಲಿ ಇನ್ಫೋಸಿಸ್ ಕಟ್ಟಿದವರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಇದ್ದರು. ಅವರು ಇದೇ ಸಂಸ್ಥೆಯಲ್ಲಿ ಗುರುವಿನ ಹೆಸರಿನಲ್ಲಿ ಪೀಠ ಸ್ಥಾಪಿಸಿದ್ದಾರೆ. ಅಂದು ಯಂತ್ರ ಹೊರದೇಶದ್ದಾಗಿತ್ತು. ಮುಂದೆ ಪ್ರೊ. ವಿ. ಕಾಮಕೋಟಿ ಅವರ ತಂಡ ರಿಸ್ಕ್-ಫೈವ್ ಎಂಬ ಮುಕ್ತ ಸೂಚನಾಗಣದ ಮೇಲೆ ‘ಶಕ್ತಿ’ ಪ್ರೊಸೆಸರನ್ನು ಇಲ್ಲಿಯೇ ರೂಪಿಸಿತು. 2018ರಲ್ಲಿ ಅಮೆರಿಕದ ಇಂಟೆಲ್ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಆ ಚಿಪ್ಪಿನ ಮೇಲೆ ಲಿನಕ್ಸ್ ಬೂಟ್ ಆಯಿತು. ಅದೇ ವರ್ಷ ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲೂ ಒಂದು ಚಿಪ್ಪು ತಯಾರಾಯಿತು. 2025ರ ಫೆಬ್ರವರಿಯಲ್ಲಿ ಪ್ರಕಟವಾದ, ಇಸ್ರೊ ಜತೆಗೂಡಿ ಮಾಡಿದ ‘ಐರಿಸ್’ ಚಿಪ್ಪು ಚಂಡೀಗಢದಲ್ಲಿ ಹುಟ್ಟಿ, ಕರ್ನಾಟಕದಲ್ಲಿ ಕವಚ ತೊಟ್ಟು, ಐಐಟಿ ಮದ್ರಾಸಿನಲ್ಲಿ ಬೂಟ್ ಆಯಿತು. ಚಿಪ್ಪು ಕೈಗೆ ಬಂದರೆ ಅರ್ಧ ಕೆಲಸ. ಅದರ ಮೇಲೆ ತಂತ್ರಾಂಶ ಎದ್ದು ನಿಂತಾಗಲೇ ಅದು ಕಂಪ್ಯೂಟರ್. ತರಮಣಿಯ ಟೈಡಲ್ ಪಾರ್ಕಿನಲ್ಲಿರುವ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಎಂಬ ಲಿನಕ್ಸಿನ ಆಧಾರದ ಮೇಲೆ ‘ಬಾಸ್’ ಲಿನಕ್ಸ್ ರೂಪಿಸಿದೆ. ಅದರಲ್ಲಿ ಕನ್ನಡಕ್ಕೂ ಜಾಗವಿದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕೆಟ್ಟು ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಹುಡುಕಿ, ಬ್ಯಾಟರಿ ಕಳಚಿ, ಬಿಚ್ಚಿ ನೋಡಿ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಯಾವುದೆಂದು ಬೆರಳಿಟ್ಟು ಹೇಳುವಂತಾಗಲಿ. ನಡೆಯುವ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡು, ಬೂಟ್ ಆಗುವಾಗ ಕರ್ನಲ್ ಬರೆದಿಟ್ಟ ದಾಖಲೆಯನ್ನು ಸಾಲುಸಾಲಾಗಿ ಓದಿ. ಆಮೇಲೆ ಎಂಐಟಿಯವರು ಪಾಠಕ್ಕೆಂದೇ ಬರೆದ ‘ಎಕ್ಸ್‌ವಿ6’ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಎತ್ತಿಕೊಳ್ಳಿ; ಅದು ನಡೆಯುವುದೂ ರಿಸ್ಕ್-ಫೈವ್ ಮೇಲೆಯೇ, ಗಾತ್ರ ಕೆಲವೇ ಸಾವಿರ ಸಾಲು, ಬೆಲೆಯಿಲ್ಲ. ‘ಶಕ್ತಿ’ಯ ವಿನ್ಯಾಸವೂ ಮುಕ್ತವಾಗಿದೆ. ಅರ್ಥವಾಗದ ಪುಟ ಎದುರಾದರೆ ನಾಚಿಕೆ ಬೇಡ, ಗೆಳೆಯರ ಜತೆ ಕೂತು ಮತ್ತೊಮ್ಮೆ ಓದಿ. ಅರ್ಥವಾದುದನ್ನು ಊರಿನ ತಮ್ಮಂದಿರಿಗೆ, ತಂಗಿಯರಿಗೆ ಕನ್ನಡದಲ್ಲಿ ಹೇಳಿಕೊಡಿ.

ಭಾಷೆಗಳು, ಆ್ಯಪುಗಳು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಇಂಟರಪ್ಟ್, ಮೆಮೊರಿ, ಶೆಡ್ಯೂಲರ್ ಎಂಬ ವಿಚಾರಗಳು ನಾನು ಕಲಿತಾಗಲೂ ಇದ್ದವು, ಈಗಲೂ ಇವೆ. ನಮ್ಮದೇ ಚಿಪ್ಪುಗಳಿಗೆ ಡ್ರೈವರ್ ಬರೆಯುವವರು, ಕರ್ನಲ್ ತಿದ್ದುವವರು ದೇಶಕ್ಕೆ ಇನ್ನೂ ಬಹಳ ಮಂದಿ ಬೇಕು. ಅವರಲ್ಲಿ ನೀವೂ ಇರಬೇಕು. ಅದಕ್ಕೆ ಬೇಕಾದ ಓದನ್ನು ನಾಳೆಗೆ ಮುಂದೂಡಬೇಡಿ.