ದೃಶ್ಯಮುದ್ರಣ ಕಲೆ: ಯೋಜನೆಯಿಂದ ಸಂಕಲನದವರೆಗೆ

ಇಂದು ಮಹಾನಗರದ ಕನ್ನಡಿಗರಲ್ಲಿ ಕ್ಯಾಮೆರಾ ಇಲ್ಲದ ಮನೆ ವಿರಳ. ಕೈಯಲ್ಲಿರುವ ಮೊಬೈಲ್ ಫೋನೇ ಕ್ಯಾಮೆರಾ. ವಾರ್ಷಿಕೋತ್ಸವ, ನಾಟಕ, ಯಕ್ಷಗಾನ, ಷಷ್ಟ್ಯಬ್ದಿ ಸಮಾರಂಭ ಎಲ್ಲವೂ ಗಂಟೆಗಟ್ಟಲೆ ಚಿತ್ರಿತವಾಗುತ್ತವೆ. ಆದರೆ ಅವುಗಳಲ್ಲಿ ಎರಡನೆಯ ಬಾರಿ ನೋಡತಕ್ಕವು ಎಷ್ಟು? ಗುಂಡಿ ಒತ್ತುವುದೇ ವಿಡಿಯೋ ನಿರ್ಮಾಣವೆಂಬ ಭಾವನೆ ಈ ಕೊರತೆಗೆ ಕಾರಣ. ವೃತ್ತಿನಿರತರು ಈ ಕಾರ್ಯವನ್ನು ಪೂರ್ವಸಿದ್ಧತೆ, ಚಿತ್ರೀಕರಣ, ಸಂಕಲನ ಎಂದು ಮೂರಾಗಿ ವಿಭಾಗಿಸುತ್ತಾರೆ. ಕ್ಯಾಮೆರಾದ ಪಾಲು ಇವುಗಳಲ್ಲಿ ಒಂದು ಮಾತ್ರ.

ಒಂದು ಉದಾಹರಣೆಯ ಮೂಲಕ ಇದನ್ನು ವಿವೇಚಿಸೋಣ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು ನಮ್ಮಲ್ಲಿ ಅನೇಕರು. ಆ ತಲೆಮಾರಿಗೆ ಈಗ ವೃದ್ಧಾಪ್ಯ. ಅಂಥ ಹಿರಿಯರೊಬ್ಬರ ನೆನಪುಗಳನ್ನು ಹತ್ತು ನಿಮಿಷದ ಚಿತ್ರವಾಗಿಸಬೇಕೆಂದುಕೊಳ್ಳೋಣ. ನಾಟಕವನ್ನು ಮತ್ತೊಮ್ಮೆ ಆಡಿಸಬಹುದು. ನಿಂತುಹೋದ ದನಿಯನ್ನು ಮತ್ತೆ ಮುದ್ರಿಸಲಾಗದು.

ಪೂರ್ವಸಿದ್ಧತೆ

ಚಿತ್ರ ಏನನ್ನು ಹೇಳಬೇಕೆಂಬುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆಯಬೇಕು. ‘ಹಿರಿಯರ ಜೀವನ’ ಎಂದರೆ ಸಾಲದು. ‘ದಿನವಿಡೀ ದುಡಿದ ಹುಡುಗನ ಬದುಕನ್ನು ರಾತ್ರಿಯ ಓದು ಬದಲಿಸಿತು’ ಎಂದು ಬರೆದರೆ, ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಅನಂತರ ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಕಾಣುವುದನ್ನೂ ಬಲಕ್ಕೆ ಕೇಳುವುದನ್ನೂ ಬರೆದುಕೊಳ್ಳಬೇಕು. ಸತ್ಯಜಿತ್ ರಾಯ್ ಅವರು ‘ಪಥೇರ್ ಪಾಂಚಾಲಿ’ಯ (1955) ದೃಶ್ಯಗಳನ್ನು ಮೊದಲೇ ರೇಖಾಚಿತ್ರಗಳಾಗಿ ಬರೆದಿಟ್ಟುಕೊಂಡಿದ್ದರು.

ಚಿತ್ರೀಕರಣದ ಸ್ಥಳವನ್ನು ಮುಂಚಿತವಾಗಿ, ಅದೇ ಹೊತ್ತಿನಲ್ಲಿ ಹೋಗಿ ನೋಡಬೇಕು. ಬೆಳಕು ಎತ್ತಣಿಂದ ಬರುತ್ತದೆ? ಫ್ಯಾನು, ಫ್ರಿಜ್, ಕುಕ್ಕರಿನ ಸೀಟಿ, ರಸ್ತೆಯ ಗದ್ದಲ ಎಷ್ಟು ಕೇಳಿಸುತ್ತದೆ? ಚಿತ್ರವನ್ನು ಎಲ್ಲಿ, ಯಾರಿಗೆ ತೋರಿಸುವಿರೆಂದು ಹಿರಿಯರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆಯುವುದೂ ಸಿದ್ಧತೆಯ ಭಾಗವೇ.

ಚಿತ್ರೀಕರಣ

ಮೈಸೂರಿನ ವಿ. ಕೆ. ಮೂರ್ತಿಯವರು ಮುಂಬಯಿಯಲ್ಲಿ ಹೆಸರು ಗಳಿಸಿದ ಛಾಯಾಗ್ರಾಹಕರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದವರು. ‘ಕಾಗಜ್ ಕೆ ಫೂಲ್’ (1959) ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಸೃಷ್ಟಿಸಿದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿ. ನಮ್ಮ ಕೆಲಸಕ್ಕೆ ಒಂದು ಕಿಟಕಿ ಸಾಕು. ಬೆಳಕು ಪಕ್ಕದಿಂದ ಮುಖದ ಮೇಲೆ ಬೀಳುವಂತೆ ಹಿರಿಯರನ್ನು ಕೂರಿಸಿ, ಮತ್ತೊಂದು ಪಕ್ಕದಲ್ಲಿ ಬಿಳಿಯ ಪಂಚೆಯನ್ನು ತೂಗುಹಾಕಿದರೆ ನೆರಳು ತಿಳಿಯಾಗುತ್ತದೆ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ.

ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ, ಸೆಕೆಂಡಿಗೆ 25 ಚೌಕಟ್ಟುಗಳು, ಷಟರ್ 1/50 ಸೆಕೆಂಡ್ ಎಂದು ಹೊಂದಿಸಿಕೊಂಡರೆ ಟ್ಯೂಬ್‌ಲೈಟಿನ ಕಂಪನ ಚಿತ್ರದಲ್ಲಿ ಕಾಣಿಸದು.

ಚಿತ್ರ ತುಸು ಮಸುಕಾದರೂ ನೋಡುಗರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಆದಕಾರಣ ಅಂಗಿಗೆ ಸಿಕ್ಕಿಸುವ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗಿರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಮುದ್ರಿಸಬೇಕು. ಫ್ಯಾನು ನಿಲ್ಲಿಸುವುದು ಅನಿವಾರ್ಯವಾದುದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ವಿರಾಮ ಕೊಟ್ಟು, ಹಿರಿಯರಿಗೆ ನೀರು ಕೊಡುವುದನ್ನು ಮರೆಯಬಾರದು. ಕೊನೆಯಲ್ಲಿ ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ಮುದ್ರಿಸಿಕೊಂಡರೆ, ಸಂಕಲನದಲ್ಲಿ ಮಾತಿನ ನಡುವಣ ಬಿರುಕು ತುಂಬಲು ನೆರವಾಗುತ್ತದೆ.

‘ಶಾಲೆ ಚೆನ್ನಾಗಿತ್ತೇ?’ ಎಂದು ಕೇಳಿದರೆ ‘ಹೌದು’ ಎಂಬ ಒಂದೇ ಮಾತು ಬರುತ್ತದೆ. ‘ಶಾಲೆಗೆ ಹೋದ ಮೊದಲ ರಾತ್ರಿ ಏನೇನಾಯಿತು, ಹೇಳುತ್ತೀರಾ ಅಜ್ಜಾ?’ ಎಂದರೆ ಕಥೆ ಹೊರಡುತ್ತದೆ. ಅವರು ಮಾತನಾಡುವಾಗ ‘ಹೂಂ’ಗುಟ್ಟದೆ ತಲೆದೂಗಿದರೆ ಸಾಕು. ಉತ್ತರ ಮುಗಿದಂತೆ ಕಂಡರೂ ಐದು ಸೆಕೆಂಡು ಕಾಯಬೇಕು; ಮನದಾಳದ ಮಾತು ಎಷ್ಟೋ ಸಲ ಆ ಮೌನದ ಬಳಿಕವೇ ಬರುತ್ತದೆ. ಕುಂದಾಪುರದ ಕನ್ನಡವಾಗಲಿ ಧಾರವಾಡದ ಕನ್ನಡವಾಗಲಿ, ಅದನ್ನು ತಿದ್ದಲು ಹೋಗಬಾರದು. ಆ ನುಡಿಯೂ ನಾವು ಉಳಿಸಬೇಕಾದ ಸಂಪತ್ತೇ.

ಮಾತು ಮುಗಿದ ಮೇಲೆ ಅವರ ಕೈಗಳು, ಕನ್ನಡಕ, ಹಳೆಯ ಭಾವಚಿತ್ರ, ಶಾಲೆಯ ಪ್ರಮಾಣಪತ್ರ ಇವುಗಳನ್ನು ದೂರದಿಂದಲೂ ಹತ್ತಿರದಿಂದಲೂ, ಪ್ರತಿಯೊಂದನ್ನು ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಚಿತ್ರಿಸಿಕೊಳ್ಳಬೇಕು. ಇವು ಪೂರಕ ದೃಶ್ಯಗಳು.

ಸಂಕಲನ

ಮುದ್ರಿಸಿದ ದಿನವೇ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡುವುದು ಕ್ಷೇಮ. ಅನಂತರ ಎಲ್ಲವನ್ನೂ ಕೇಳಿ, ಯಾವ ನಿಮಿಷದಲ್ಲಿ ಯಾವ ಮಾತಿದೆಯೆಂದು ಪಟ್ಟಿ ಮಾಡಬೇಕು. ಮಾತುಗಳ ಕ್ರಮವನ್ನು ಕಾಗದದ ಮೇಲೆ ನಿರ್ಧರಿಸಿಯೇ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವುದು ಲೇಸು. ಡಾವಿಂಚಿ ರಿಸಾಲ್ವ್‌ನಂತಹ ಸಂಕಲನ ತಂತ್ರಾಂಶ ಉಚಿತವಾಗಿಯೂ ದೊರೆಯುತ್ತದೆ. ಮೊದಲು ಒರಟು ಜೋಡಣೆ, ಬಳಿಕ ನಯಗೊಳಿಸುವಿಕೆ. ಮಾತನ್ನು ಕತ್ತರಿಸಿದ ಕಡೆ ಮುಖ ಜಿಗಿದಂತೆ ಕಾಣುತ್ತದೆ; ಅಲ್ಲಿ ಪೂರಕ ದೃಶ್ಯವನ್ನಿರಿಸಿ, ಕೆಳಗೆ ಮಾತು ಹರಿಯಲು ಬಿಡಬೇಕು.

ಸಂಕಲನದ ಶಕ್ತಿಯನ್ನು ರಷ್ಯದ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟ. ನಟನೊಬ್ಬನ ನಿರ್ವಿಕಾರ ಮುಖದ ಒಂದೇ ಚಿತ್ರವನ್ನು ಒಮ್ಮೆ ಊಟದ ಬಟ್ಟಲಿನೊಡನೆ, ಮತ್ತೊಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿದಾಗ, ನೋಡುಗರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರಂತೆ. ಅರ್ಥ ಹುಟ್ಟುವುದು ಜೋಡಣೆಯಲ್ಲಿ. ಆದ್ದರಿಂದ ಸಂಕಲನಕಾರನ ಹೊಣೆ ದೊಡ್ಡದು. ತಾಯಿಯನ್ನು ನೆನೆದು ಬಂದ ಕಣ್ಣೀರನ್ನು ಶಾಲೆಯ ಮಾತಿಗೆ ಜೋಡಿಸಿದರೆ ಅದು ಸುಳ್ಳಾಗುತ್ತದೆ.

ಕಡೆಗೆ, ಸಿದ್ಧವಾದ ಚಿತ್ರವನ್ನು ಮೊದಲು ಆ ಹಿರಿಯರಿಗೇ ತೋರಿಸಿ, ಅವರು ಬೇಡವೆಂದುದನ್ನು ತೆಗೆಯಬೇಕು. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗಾಗಿ ಅವರು ಬಲ್ಲ ಭಾಷೆಯಲ್ಲಿ ಅಡಿಬರಹ ಕೊಡಬೇಕು. ದನಿ ಕನ್ನಡದ್ದೇ ಇರಲಿ.

ಒಂದೊಂದು ಮನೆ ವರ್ಷಕ್ಕೆ ಇಂಥ ಒಂದು ಚಿತ್ರವನ್ನು ಸಿದ್ಧಪಡಿಸಿ ಸಂಘಕ್ಕೆ ಒಪ್ಪಿಸಿದರೆ, ಪರನಾಡಿನಲ್ಲಿ ಕನ್ನಡಿಗರು ಬಾಳಿದ ಬಗೆ ಅವರ ಬಾಯಿಂದಲೇ ಮುಂದಿನವರಿಗೆ ದೊರೆಯುತ್ತದೆ. ಉಪಕರಣ ಎಲ್ಲರ ಕೈಯಲ್ಲಿದೆ, ವಿಳಂಬ ಸಲ್ಲದು.