ರಟ್ಟಿನ ಪುಟ್ಟ ಊರು

ನವರಾತ್ರಿಗೆ ಕೊಯಮತ್ತೂರಿನಲ್ಲಿ ಕೊಲು ಇಡ್ತಾರೆ. ಮೈಸೂರು ಕಡೆ ಇದೇ ಗೊಂಬೆ ಹಬ್ಬ. ಮೆಟ್ಟಿಲ ಮೇಲೆ ಗೊಂಬೆಗಳು. ಕೆಳಗೆ ಪುಟ್ಟ ಊರು. ಆ ಊರಿನ ಮನೆಗಳನ್ನು ದುಡ್ಡು ಕೊಟ್ಟು ತರಬೇಕಾ? ಬೇಡ. ನಾವೇ ಮಾಡೋಣ.

ತಿರುಪ್ಪೂರು ಬನಿಯನ್ನಿನ ಊರು. ಅಲ್ಲಿ ರಟ್ಟಿನ ಡಬ್ಬ, ಬಟ್ಟೆ ಚೂರು ಬೇಕಾದಷ್ಟು.

ಹೀಗೆ ಮಾಡಿ:

1. 41 ಸೆಂ.ಮೀ. ಉದ್ದ, 8 ಸೆಂ.ಮೀ. ಎತ್ತರದ ರಟ್ಟು ಕತ್ತರಿಸಿ. 10 ಸೆಂ.ಮೀ.ಗೆ ಒಂದು ಮಡಿಕೆ ಹಾಕಿ. ಉಳಿದ 1 ಸೆಂ.ಮೀ.ಗೆ ಅಂಟು ಹಚ್ಚಿ. ನಾಲ್ಕು ಗೋಡೆ ಆಯ್ತು.

2. ಬಾಗಿಲು, ಕಿಟಕಿ ಕತ್ತರಿಸಿ.

3. ಇನ್ನೊಂದು ರಟ್ಟಿಗೆ ಸ್ವಲ್ಪ ನೀರು ಸವರಿ ಮೇಲಿನ ಕಾಗದ ಸುಲಿಯಿರಿ. ಒಳಗಿನ ಗೆರೆಗಳು ಹೆಂಚಿನ ಸಾಲಿನಂತೆ ಕಾಣ್ತವೆ. ಒಣಗಿದ ಮೇಲೆ ನಡುವೆ ಮಡಿಸಿ ಗೋಡೆ ಮೇಲೆ ಇಡಿ.

4. ಹಸಿರು ಬಟ್ಟೆ ಚೂರು ಹಾಸಿದರೆ ಹೊಲ.

ಅಂಟಿಗೆ ಮೈದಾ ಸಾಕು. ತಣ್ಣೀರಲ್ಲಿ ಕಲಸಿ, ಗಟ್ಟಿಯಾಗುವ ತನಕ ಕಾಯಿಸಿ.

ಈ ಕಡೆ ದೇವಾಂಗದವರ ಮನೆಗಳಲ್ಲಿ ಕನ್ನಡ ಮಾತು ಇದೆ. ಶಾಲೆಯಲ್ಲಿ ಮಕ್ಕಳು ಓದೋದು ಹೆಚ್ಚಾಗಿ ತಮಿಳು. ಕನ್ನಡ ಅಕ್ಷರವನ್ನು ಮನೆಯವರೇ ತೋರಿಸಬೇಕು. ಪುಟ್ಟ ಮನೆಗಳಿಗೆ ಬೋರ್ಡು ಬರೆಯಿರಿ: ಶಾಲೆ, ಅಂಗಡಿ, ಗುಡಿ, ಮಗ್ಗದ ಮನೆ. ಮಗು ಆಡುತ್ತಾ ಓದುತ್ತೆ. ನಿಮಗೂ ಅಕ್ಷರ ಮರೆಯೋಲ್ಲ.

ಬರೆಯಿರಿ: ನಿಮ್ಮ ಪುಟ್ಟ ಊರಿಗೆ ಏನು ಹೆಸರು?