ನೋನಿ ರಸ ಕುರಿಗೆ ಲಸಿಕೆಯಾದೀತೇ?

ನೋನಿಯು ಕಡಲ ತೀರದ ಮರಳು ನೆಲದಲ್ಲಿ ಉಪ್ಪುಗಾಳಿಯನ್ನೂ ಸಹಿಸಿ ಬೆಳೆಯುವ ಸಣ್ಣ ಮರ. ಇದರ ಹಣ್ಣಿನ ರಸ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆಂದು ಹೇಳಿ ಮಾರುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಕುರಿಗಾರರಿಗೆ ಒಂದು ಪ್ರಶ್ನೆ ಬರಬಹುದು: ಇಂತಹ ರಸ ಕುಡಿಸಿದರೆ ಲಸಿಕೆ ಬೇಡವೇ? ಬೇಕೇ ಬೇಕು. ಕಾರಣ ಹೀಗಿದೆ.

ಪ್ರಯೋಗದಲ್ಲಿ ಕಂಡದ್ದು

ರಕ್ತದ ಬಿಳಿಕಣಗಳಲ್ಲಿ ಕೆಲವು ಯಾವುದೇ ರೋಗಾಣು ಬಂದರೂ ನುಂಗುತ್ತವೆ. ಮತ್ತೆ ಕೆಲವು ಒಂದೊಂದು ರೋಗಾಣುವನ್ನೂ ಗುರುತಿಟ್ಟುಕೊಂಡು ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ. 1990ರ ದಶಕದಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ನೋನಿ ರಸದಿಂದ ಬೇರ್ಪಡಿಸಿದ ಒಂದು ಸಕ್ಕರೆಯಂಶದ ವಸ್ತು ಇಲಿಗಳ ಬಿಳಿಕಣಗಳನ್ನು ಚುರುಕುಗೊಳಿಸಿದ್ದನ್ನು ಕಂಡರು. ಆದರೆ ಅವರು ಅದನ್ನು ಕುಡಿಸಲಿಲ್ಲ, ಸೂಜಿಯಿಂದ ಚುಚ್ಚಿದರು. ಕುರಿಗೆ ಕುಡಿಸಿದ ರಸ ಮೆಲುಕು ಹಾಕುವ ದೊಡ್ಡ ಹೊಟ್ಟೆಗೆ ಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಇಂತಹ ವಸ್ತುಗಳನ್ನು ಮೇವಿನಂತೆಯೇ ಒಡೆದುಹಾಕುತ್ತವೆ.

ಅಲ್ಲದೆ, ಕಣಗಳು ಚುರುಕಾಗುವುದು ಬೇರೆ, ರೋಗಾಣುವಿನ ಗುರುತು ಉಳಿಯುವುದು ಬೇರೆ. ಆ ಗುರುತನ್ನು ಮೂಡಿಸುವುದೇ ಲಸಿಕೆಯ ಕೆಲಸ.

ಹಾಕಿಸಬೇಕಾದ ಲಸಿಕೆಗಳು

1. ಪಿ.ಪಿ.ಆರ್. (ಹಿರೇಬೇನೆ): ಜ್ವರ, ಕಣ್ಣು ಮೂಗುಗಳಲ್ಲಿ ಸೋರಿಕೆ, ಬಾಯಿಹುಣ್ಣು, ಭೇದಿ ಇದರ ಲಕ್ಷಣಗಳು. ಭಾರತದಲ್ಲಿ ಇದು ಮೊದಲು 1987ರಲ್ಲಿ ತಮಿಳುನಾಡಿನಲ್ಲಿ ಕಂಡುಬಂತು. ವಲಸೆಯಲ್ಲಿ ಹಿಂಡುಗಳು ಬೆರೆತಾಗ ಬೇಗ ಹರಡುತ್ತದೆ. ನಾಲ್ಕು ತಿಂಗಳು ತುಂಬಿದ ಮರಿಗಳಿಗೆ 1 ಮಿ.ಲೀ. ಲಸಿಕೆಯನ್ನು ಚರ್ಮದ ಕೆಳಗೆ ಹಾಕಿಸಬೇಕು. ರಕ್ಷಣೆ ಕನಿಷ್ಠ 3 ವರ್ಷ ಇರುತ್ತದೆ.

2. ಕರುಳುಬೇನೆ: ಮಳೆ ಬಿದ್ದ ಮೇಲೆ ಎಳೆಯ ಹುಲ್ಲನ್ನು ಹೊಟ್ಟೆ ತುಂಬ ಮೇಯ್ದ, ಚೆನ್ನಾಗಿ ಬೆಳೆದ ಮರಿಗಳೇ ಮೊದಲು ಸಾಯುತ್ತವೆ. ಆದ್ದರಿಂದ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಬೇಕು. ಮೊದಲ ಸಲವಾದರೆ ಎರಡು ವಾರಗಳ ನಂತರ ಇನ್ನೊಮ್ಮೆ ಹಾಕಿಸಬೇಕು.

ಎಚ್ಚರಿಕೆ

ಪಿ.ಪಿ.ಆರ್. ಲಸಿಕೆಯಲ್ಲಿ ಜೀವಂತ ವೈರಾಣು ಇರುವುದರಿಂದ ಬಿಸಿಲು ತಾಗಿದರೆ ಕೆಡುತ್ತದೆ. ಅದನ್ನು ಮಂಜುಗಡ್ಡೆಯಲ್ಲಿ ತಂದು, ಕಲಸಿದ ಕೂಡಲೇ ಬಳಸಬೇಕು. ಕಾಯಿಲೆಯಲ್ಲಿರುವ ಕುರಿಗೆ ಹಾಕಿಸಬಾರದು. ಸಂತೆಯಿಂದ ತಂದ ಕುರಿಗಳನ್ನು ಮೂರು ವಾರ ಬೇರೆ ಕಟ್ಟಿರಿ.

ಯಾರಾದರೂ ಗಿಡದ ರಸ ಮಾರಲು ಬಂದರೆ, “ಕುರಿಗೆ ಕುಡಿಸಿ ನೋಡಿದ್ದೀರಾ? ಯಾವ ರೋಗ ತಡೆಯಿತು? ಕುಡಿಸದ ಕುರಿಗಳು ಏನಾದವು?” ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಹಣ ಉಳಿಸಿಕೊಂಡು ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಹೋಗಿರಿ.